ಭುಜ ಮುಟ್ಟುವ ಕಿಡಿ

ಎದೆಲ್ಮಿರಾ ಮೇಜಿನ ಮೇಲೆ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಕಲ್ಲು ಒಂದು ಕಡೆ, ನೆಲ್ಲು ಒಂದು ಕಡೆ, ಒಳ್ಳೆಯ ಅಕ್ಕಿ ಮಡಿಲಲ್ಲಿದ್ದ ಪಾತ್ರೆಗೆ. ಪಡಿತರದ ಅಕ್ಕಿ; ಕಲ್ಲಿಗೇನೂ ಬರವಿರಲಿಲ್ಲ. ಅಷ್ಟರಲ್ಲಿ ಹಿತ್ತಲಿನಲ್ಲಿ ಯಾರೋ ಬೈಕಿಗೆ ಕಿಕ್ ಹೊಡೆದರು. ಅವಳ ಬೆರಳು ಅಕ್ಕಿಯ ಮೇಲೇ ನಿಂತುಬಿಟ್ಟಿತು.

"ಯಾರದು?" ಎಂದು ಕೂಗಿದಳು.

"ನಾನೇ ಅತ್ತೆ, ರಿಗೊ."

"ನಿಮ್ಮಾವ ಎಲ್ಲಿ?"

"ಇಲ್ಲೇ, ಕುರ್ಚಿ ಮೇಲೆ."

"ಕೈ ಎಲ್ಲಿದೆ?"

"ಯಾರ ಕೈ?"

"ಅವನದೇ ಕಣಪ್ಪಾ. ಕೈ ಎಲ್ಲಿಟ್ಕೊಂಡಿದಾನೆ?"

ಗಂಡ ಪ್ರುದೆನ್ಸಿಯೊನ ದನಿ ಬಂತು. "ಎರಡೂ ಅಂಡಿನ ಕೆಳಗಿವೆ ಕಣೇ ಮುದುಕಿ. ಬೇಕಾದ್ರೆ ಬಂದು ಎಣಿಸ್ಕೋ!"

ಅಳಿಯ ನಕ್ಕ. ಎದೆಲ್ಮಿರಾಗೆ ನಗು ಬರಲಿಲ್ಲ. ಅಕ್ಕಿಯನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದು ನೋಡಿದಳು. ಗಂಡ ಕುರ್ಚಿಯಲ್ಲಿ ನಿಜವಾಗಿಯೂ ಕೈಗಳ ಮೇಲೆ ಕೂತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಮಕ್ಕಳ ಹಾಗೆ. ಆದರೆ ಕಣ್ಣು ಮಾತ್ರ ಬೈಕಿನಿಂದ ನೇತಾಡುತ್ತಿದ್ದ ತಂತಿಯ ತುದಿಯಲ್ಲೇ ಇತ್ತು.

ಸಾಂತಿಯಾಗೊದ ಏರುಬೀದಿಗಳಲ್ಲಿ ಬಾಡಿಗೆಗೆ ಓಡುವ ಬೈಕುಗಳೆಲ್ಲ ಮುದಿಯವು. ಅವನ್ನು ಮಾಡಿದ ದೇಶಗಳೇ ಭೂಪಟದಿಂದ ಅಳಿಸಿಹೋಗಿದ್ದವು. ಬೈಕು ಮಾತ್ರ ಓಡುತ್ತಿದ್ದವು. ಅವುಗಳಲ್ಲಿ ಕಿಡಿ ಹುಟ್ಟಿಸುವ ತಾಮ್ರದ ಸುರುಳಿ, ಕಾಯಿಲ್, ಒಂದು ಮೋಸದ ವಸ್ತು. ತಣ್ಣಗಿರುವಾಗ ಮೀಟರ್ ಇಟ್ಟು ನೋಡಿದರೆ ಎಲ್ಲ ಸರಿ ಅನ್ನುತ್ತದೆ. ಅರ್ಧ ಗಂಟೆ ಓಡಿ ಕಾದ ಮೇಲೆ, ಏರಿನ ನಡುವೆ, ಕಿಡಿ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಪ್ರುದೆನ್ಸಿಯೊ ಮೀಟರನ್ನು ನಂಬಿದವನಲ್ಲ. ಕಾಯಿಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಎದೆಲ್ಮಿರಾಳ ಹುರುಳಿಕಾಳು ಬೇಯುವ ಪಾತ್ರೆಯಲ್ಲಿ ಇಳಿಬಿಟ್ಟು, ಚೆನ್ನಾಗಿ ಕಾದ ಮೇಲೆ ಬೈಕಿಗೆ ಸಿಕ್ಕಿಸುತ್ತಿದ್ದ. ಆಮೇಲೆ ಪ್ಲಗ್ಗಿಗೆ ಹೋಗುವ ತಂತಿಯ ತುದಿಯನ್ನು ಬಲಗೈಯ ಎರಡು ಬೆರಳಲ್ಲಿ ಬರಿಗೈಯಲ್ಲೇ ಹಿಡಿಯುತ್ತಿದ್ದ. ಇನ್ನೊಬ್ಬರು ಕಿಕ್ ಹೊಡೆಯಬೇಕು. ಒಟ್ಟು ಹತ್ತು ಕಿಕ್. ಕರೆಂಟಿನ ಹೊಡೆತ ಬೆರಳಲ್ಲೇ ನಿಂತರೆ ಕಾಯಿಲ್ ಕಸಕ್ಕೆ. ಮಣಿಕಟ್ಟಿಗೆ ಬಂದರೆ ಇನ್ನೊಂದು ತಿಂಗಳು. ಮೊಣಕೈಗೆ ಬಂದರೆ ಊರೊಳಗೆ ಓಡಿಸಬಹುದು. ಭುಜ ಮುಟ್ಟಿದರೆ ಬೆಟ್ಟ ಹತ್ತಬಹುದು. ನಲವತ್ತು ವರ್ಷದಲ್ಲಿ ಆ ಕೈ ಹೇಳಿದ್ದು ಸುಳ್ಳಾಗಿರಲಿಲ್ಲ. ಬಾಡಿಗೆ ಬೈಕು ಹತ್ತುವ ಹೆಂಗಸರು ಕೂಡ "ಮೇಸ್ತ್ರಿ ಹಿಡಿದು ನೋಡಿದಾರೇನಪ್ಪಾ?" ಎಂದು ಕೇಳಿಯೇ ಹಿಂದೆ ಕೂರುತ್ತಿದ್ದರು.

ಫೆಬ್ರವರಿಯಲ್ಲಿ ಅವನು ಎರಡು ಸಲ ನಿಂತಲ್ಲೇ ಕುಸಿದ. ಹೃದಯ ನಡೆಯುವುದನ್ನು ಮರೆಯುತ್ತಿದೆ ಎಂದರು. ರಾಜಧಾನಿ ಹವಾನಾಕ್ಕೆ ಕರೆದೊಯ್ದು, ಎಡಗಡೆ ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಇಟ್ಟು ಹೊಲಿದರು. ಹೃದಯ ಮರೆತಾಗ ಅದು ನೆನಪು ಮಾಡಿಕೊಡುತ್ತದಂತೆ. ಅಲ್ಲಿಯ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದವನು ವೆಲ್ಡಿಂಗ್ ಕೆಲಸದವನು. ಡಾಕ್ಟರಮ್ಮ ಅವನಿಗೆ ಹೇಳಿದ್ದನ್ನು ಗಂಡ ಹೆಂಡತಿ ಇಬ್ಬರೂ ಕೇಳಿಸಿಕೊಂಡಿದ್ದರು: "ಕಿಡಿ ಹಾರೋ ಕಡೆ ನೀವು ಇರಕೂಡದು. ಯಂತ್ರಕ್ಕೆ ಗಲಿಬಿಲಿಯಾಗತ್ತೆ. ಅದು ಸುಮ್ಮನಾದ್ರೆ ಹೃದಯಾನೂ ಸುಮ್ಮನಾಗತ್ತೆ." ಹಾಗೆ ಹೇಳಿ ಆಕೆ ಈ ಮಂಚದ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ, ಅಜ್ಜ?" ಎಂದು ಕೇಳಿದರು. ಆಗ ಇನ್ನೂ ಅವನಿಗೆ ಯಂತ್ರ ಇಟ್ಟಿರಲಿಲ್ಲ. ಕಿಡಿಯ ಕೆಲಸ ಎಂದರೆ ಇಡುವುದೇ ಇಲ್ಲವೇನೋ ಎಂದು ಪ್ರುದೆನ್ಸಿಯೊ ಹೆದರಿದ.

"ಚಪ್ಪಲಿ ಹೊಲೀತೀನಿ ಡಾಕ್ಟರಮ್ಮ," ಎಂದ.

ಎದೆಲ್ಮಿರಾ ಪಕ್ಕದಲ್ಲೇ ನಿಂತಿದ್ದಳು. ಅವಳ ಬಾಯಿ ಹೊಲಿದ ಹಾಗೆ ಮುಚ್ಚಿಹೋಗಿತ್ತು. ಮಾರನೆಯ ದಿನ ನರ್ಸೊಬ್ಬಳು ತನ್ನ ಕಿತ್ತುಹೋದ ಚಪ್ಪಲಿ ತಂದು ಮುಂದಿಟ್ಟಳು. ಅವನು ಜೇಬಿನಲ್ಲಿದ್ದ ಹಳೆಯ ಕಾಯಿಲಿನ ಕೂದಲಂಥ ತಾಮ್ರದ ತಂತಿಯಲ್ಲೇ ಅದನ್ನು ಹೊಲಿದುಕೊಟ್ಟ. "ಎಂಥ ಕೈ ಅಜ್ಜ ನಿಮ್ದು!" ಎಂದು ಆ ಹುಡುಗಿ ವಾರ್ಡಿಗೆಲ್ಲ ತೋರಿಸಿಕೊಂಡು ಬಂದಳು.

ಮನೆಗೆ ಹೊರಡುವಾಗ ಡಾಕ್ಟರಮ್ಮ ಒಂದು ಅಚ್ಚಾದ ಹಾಳೆಯನ್ನೂ ವಿಳಾಸ ಬರೆದ ಲಕೋಟೆಯನ್ನೂ ಎದೆಲ್ಮಿರಾಳ ಕೈಗೆ ಕೊಟ್ಟಿದ್ದರು. ಅವನ ಕೆಲಸ, ಮನೆಯ ಸುತ್ತಮುತ್ತಲಿನ ಯಂತ್ರಗಳು, ಅವುಗಳಿಂದ ಅವನು ಎಷ್ಟು ದೂರ ಇರುತ್ತಾನೆ, ಎಲ್ಲ ಬರೆದು ಹದಿನೈದು ದಿನದಲ್ಲಿ ಕಳಿಸಬೇಕು. ಅದನ್ನು ನೋಡಿ ಆಸ್ಪತ್ರೆಯವರು ಉತ್ತರ ಬರೆಯುತ್ತಾರೆ. ಎದೆಲ್ಮಿರಾ ಹೆಸರು ಬರೆದಳು, ವಯಸ್ಸು ಬರೆದಳು, ಬೀದಿ ಬರೆದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಲಾಟೀನಿನ ಬೆಳಕಲ್ಲಿ ಕಲಿತ ಅಕ್ಷರ. ದುಂಡಗೆ, ನಿಧಾನಕ್ಕೆ ಬರೆಯುವವಳು. 'ಕೆಲಸ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಏನ್ ಬರೀಲಿ?" ಎಂದಿದ್ದಳು.

"ಏನೂ ಬೇಡ. ಸುಳ್ಳು ಹೇಳಿ ಹಾಕಿಸ್ಕೊಂಡಿದಾನೆ ಅಂತ ಗೊತ್ತಾದ್ರೆ ವಾಪಸ್ ಕಿತ್ಕೋತಾರೆ."

"ಎದೆಯೊಳಗಿಂದ ಯಾರಾದ್ರೂ ಕಿತ್ಕೋತಾರೇನಯ್ಯಾ?"

"ಸರ್ಕಾರದ್ದಲ್ವೇನೇ ಅದು?"

ಅದು ಹುಚ್ಚು ಮಾತೆಂದು ಅವಳಿಗೆ ಗೊತ್ತಿತ್ತು. ಆದರೂ ಹಾಳೆಯನ್ನು ಮಡಚಿ ರೇಡಿಯೊ ಹಿಂದೆ ಇಟ್ಟಳು. ಹದಿನೈದು ದಿನ ಹೋಗಿ ಎರಡು ತಿಂಗಳಾಗಿತ್ತು.

*

ಈಗ ಕೈಕೊಟ್ಟಿದ್ದು ಅಳಿಯ ರಿಗೊನ ಬೈಕು. ಮನೆ ನಡೆಯುತ್ತಿದ್ದುದೇ ಆ ಬೈಕಿನ ಬಾಡಿಗೆಯಿಂದ. ಮಗಳು ಮಾರಿಬೆಲ್ ಬೇಕರಿಯಲ್ಲಿ ದುಡಿಯುತ್ತಿದ್ದಳಾದರೂ ಆ ಸಂಬಳ ಎಣ್ಣೆ ಸೋಪಿಗೇ ಮುಗಿಯುತ್ತಿತ್ತು.

ಆ ಸಂಜೆ ಊಟಕ್ಕೆ ಅನ್ನ, ಕೆಂಪು ಹುರುಳಿಕಾಳು, ಬೇಯಿಸಿದ ಬಾಳೆಕಾಯಿ. ರಿಗೊ ತಟ್ಟೆ ಮುಟ್ಟದೆ ಹೇಳಿದ.

"ಇವತ್ತು ಮೂರು ಸಲ ನಿಂತ್ಹೋಯ್ತು. ಒಂದು ಸಲ ರೈಲು ಹಳಿ ದಾಟೋವಾಗ. ಹಿಂದೆ ಬಸುರಿ ಕೂತಿದ್ಳು."

"ಕಾಯಿಲ್," ಎಂದ ಪ್ರುದೆನ್ಸಿಯೊ.

"ಮೀಟರ್ ಸರಿ ಅನ್ನತ್ತೆ ಮಾವ."

"ಮೀಟರ್ ನಿಮ್ಮಪ್ಪನೇನೋ, ನಂಬೋಕೆ? ಕಾಯಿಸಿ ನೋಡ್ಬೇಕು."

"ನೋಡೋರು ಯಾರು?" ಎಂದಳು ಮಾರಿಬೆಲ್. ಚಮಚವನ್ನು ಮೇಜಿಗೆ ಕುಕ್ಕಿದಳು. "ರಿಗೊ, ಈಗಲೇ ಹೇಳ್ತೀನಿ. ನನ್ನಪ್ಪನ ಬೆರಳಿಗೇನಾದ್ರೂ ಆ ತಂತಿ ಕೊಟ್ರೆ, ನಿನ್ನ ಬಟ್ಟೆ ಬೀದೀಲಿರತ್ತೆ."

"ನಾನೆಲ್ಲಿ ಕೊಟ್ಟೆ?"

"ಕೊಡ್ತೀಯ ಅಂತ ಮುಖದ ಮೇಲೆ ಬರ್ದಿದೆ."

ಮೊಮ್ಮಗಳು ಯಾನೆಲಿಸ್, ಹದಿನೇಳರವಳು, ತಾಂತ್ರಿಕ ಶಾಲೆಯಲ್ಲಿ ಓದುತ್ತಿದ್ದಳು. ಬಾಳೆಕಾಯಿ ಅಗಿಯುತ್ತಲೇ ಅಂದಳು: "ಅಜ್ಜ, ಹಲಗೆಗೆ ಎರಡು ಮೊಳೆ ಹೊಡೆದು, ಮಧ್ಯೆ ಸಂದು ಬಿಟ್ಟು ಕಿಡಿ ಹಾರಿಸಿದ್ರಾಯ್ತು. ಒಂದು ಮೊಳೆಗೆ ಪ್ಲಗ್ಗಿನ ತಂತಿ, ಇನ್ನೊಂದರಿಂದ ಬೈಕಿನ ಮೈಗೆ ತಂತಿ. ಸಂದು ಅಳತೆಗಿದ್ರೆ ಕಾಯಿಲ್ ಎಷ್ಟು ಗಟ್ಟಿ ಅಂತ ಕಣ್ಣಿಗೇ ಕಾಣತ್ತೆ. ಕೈ ಯಾಕೆ ಬೇಕು?"

"ಮೊಳೆಗೆ ನೋವಾಗತ್ತೇನಮ್ಮ?"

"ಇಲ್ಲ."

"ಹಂಗಾದ್ರೆ ಅದಕ್ಕೇನು ಗೊತ್ತಾಗತ್ತೆ, ಮಣ್ಣು!"

ಎಲ್ಲರೂ ನಕ್ಕರು, ಮಾರಿಬೆಲ್ ಕೂಡ. ಎದೆಲ್ಮಿರಾ ಮಾತ್ರ ನಗುತ್ತಿರುವ ಗಂಡನ ಎದೆಯ ಎಡಭಾಗವನ್ನೇ ನೋಡುತ್ತಿದ್ದಳು. ಅಂಗಿಯ ಒಳಗೆ ಆ ಪೆಟ್ಟಿಗೆ ಚಿಕ್ಕ ಉಬ್ಬಾಗಿ ಕಾಣುತ್ತಿತ್ತು. ಊಟ ಮುಗಿದ ಮೇಲೆ ದೇವಮಾತೆ ಕೊಬ್ರೆ ತಾಯಿಯ ಪಟದ ಮುಂದೆ, ಇನ್ನು ತಂತಿ ಮುಟ್ಟುವುದಿಲ್ಲ ಎಂದು ಅವನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಅವನೂ ಗಂಭೀರವಾಗಿ ಹಾಕಿದ.

*

ಅಲ್ಲಿಂದ ಮುಂದೆ ಅವನಿಗೆ ಡಾಮಿನೊ ಆಟದ ಹುಚ್ಚು ಹಿಡಿಯಿತು. ಮಧ್ಯಾಹ್ನದ ಕಾಫಿ ಕುಡಿದವನೇ ಎರಡು ಬೀದಿ ಕೆಳಗಿನ ಚಿಚೊ ಮನೆಗೆ ಹೊರಟುಬಿಡುವನು. ಚಿಚೊ ಕೂಡ ಬಾಡಿಗೆ ಬೈಕಿನವನೇ. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಇದು ವಾಸಿ ಎಂದು ಎದೆಲ್ಮಿರಾ ಸಮಾಧಾನಪಟ್ಟುಕೊಂಡಳು. ಒಂದು ವಾರ ನಿದ್ದೆಯೂ ಚೆನ್ನಾಗಿ ಬಂತು.

ಎರಡನೆಯ ವಾರದ ಮಂಗಳವಾರ ಅವನಿಗೆ ಮರಗೆಣಸು ಬಡಿಸುತ್ತಿದ್ದಳು. ಅವನು ತಟ್ಟೆ ಹಿಡಿಯಲು ಕೈ ಚಾಚಿದ. ಹೆಬ್ಬೆರಳಿನ ತುದಿಯಲ್ಲೂ ತೋರುಬೆರಳಿನ ತುದಿಯಲ್ಲೂ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅವಳಿಗೆ ಅವು ಹೊಸವಲ್ಲ. ನಲವತ್ತು ವರ್ಷ ಆ ಬೆರಳುಗಳನ್ನು ನೋಡಿದವಳು. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವು ಮಾಯವಾಗಿ ಬೆರಳು ಮಗುವಿನ ಬೆರಳಿನಂತಾಗಿತ್ತು.

"ಇದೇನು?"

"ಎಣ್ಣೆ ಹಾರ್ತು."

"ಯಾವ ಎಣ್ಣೆ? ಹುಟ್ಟಿದಾಗಿಂದ ಕಾಯಿಲ್ ಕಾಯಿಸೋಕಲ್ದೆ ನೀನು ಒಲೆ ಹತ್ತಿರ ಬಂದಿದೀಯಾ?"

"ಚಿಚೊ ಮನೇಲಿ ಬಾಳೆಕಾಯಿ ಕರೀತಿದ್ರು. ಒಂದು ತಗೊಂಡೆ. ತಿನ್ನೋಕೂ ನಿನ್ನ ಅಪ್ಪಣೆ ಬೇಕೇನು?"

ಅವಳು ಮಾತು ಬೆಳೆಸಲಿಲ್ಲ. ಮರಗೆಣಸಿನ ಪಾತ್ರೆ ಕೆಳಗಿಟ್ಟಳು.

ಮಾರನೆಯ ಮಧ್ಯಾಹ್ನ ಅವನು ಹೊರಟು ಸ್ವಲ್ಪ ಹೊತ್ತಾದ ಮೇಲೆ ಅವಳೂ ಚಪ್ಪಲಿ ಮೆಟ್ಟಿ ಹೊರಟಳು. ಇಳಿಜಾರಿನಲ್ಲಿ ಗೋಡೆ ಹಿಡಿದು ಹಿಡಿದು ಇಳಿದಳು. ಚಿಚೊ ಮನೆಯ ಪಕ್ಕದ ಸಂದಿಯಿಂದ ಹಿತ್ತಲು ಕಾಣುತ್ತದೆ. ಡಾಮಿನೊ ಮೇಜು ಇತ್ತು. ಅದರ ಮೇಲೆ ಡಾಮಿನೊ ಬಿಲ್ಲೆಗಳಿರಲಿಲ್ಲ. ಸೀಮೆಎಣ್ಣೆ ಒಲೆ, ಕುದಿಯುವ ನೀರು, ಪಕ್ಕದಲ್ಲಿ ಖಾಲಿ ಪ್ಲಾಸ್ಟಿಕ್ ಚೀಲ. ಸುತ್ತ ನಾಲ್ಕೈದು ಸವಾರರು. ನಡುವೆ, ಬದಲಿ ಕಾಯಿಲ್ ಸಿಕ್ಕಿಸಿದ ರಿಗೊನ ಬೈಕು. ಕಿಕ್ಕಿನ ಮೇಲೆ ಕಾಲಿಟ್ಟು ನಿಂತವನು ರಿಗೊನೇ. ಪ್ರುದೆನ್ಸಿಯೊ ಸ್ಟೂಲಿನ ಮೇಲೆ ಕೂತು ತಂತಿಯ ತುದಿ ಹಿಡಿದಿದ್ದ.

ಕೂಗಬೇಕೆಂದುಕೊಂಡಳು. ಕೂಗಿದರೆ ಬೆಚ್ಚಿಬಿದ್ದು ಅದಕ್ಕೇ ಏನಾದರೂ ಆದರೆ?

ರಿಗೊ ಒಂದು ಕಿಕ್ ಹೊಡೆದ. ಪ್ರುದೆನ್ಸಿಯೊನ ಕೈ ಜಿಗಿಯಿತು. ಎರಡನೆಯ ಕಿಕ್. ಅವನ ಎಡಗೈ ಎದೆಯ ಗುಂಡಿಯ ಹತ್ತಿರ ಹೋಯಿತು. ಬಲಗೈ ತಂತಿಯನ್ನು ಬಿಟ್ಟುಬಿಟ್ಟಿತು.

"ಭುಜ!" ಎಂದ ಪ್ರುದೆನ್ಸಿಯೊ.

"ಇಷ್ಟು ಬೇಗನಾ ಮೇಸ್ತ್ರಿ?" ಎಂದು ಚಿಚೊ ಕೇಳಿದ.

"ನಿನಗೆ ಹೇಳಿದೀನಲ್ಲ, ಭುಜ ಅಂತ. ನಲವತ್ತು ವರ್ಷದ ಕೈ ಇದು. ಕಟ್ಟೋ, ರಿಗೊ."

ಬೇಗ ಬಿಟ್ಟನಲ್ಲ, ಸದ್ಯ, ಎಂದು ಎದೆಲ್ಮಿರಾ ಗೋಡೆಗೆ ಒರಗಿಕೊಂಡಳು. ಆಮೇಲೆ ಸಂದಿಯಿಂದ ಹೊರಬಂದು ಅವರ ಮುಂದೆ ನಿಂತಳು. ಚಿಚೊ ಒಲೆ ಆರಿಸಿದ. ರಿಗೊ ಬೈಕಿನ ಆ ಕಡೆ ಏನನ್ನೋ ಹುಡುಕುವವನಂತೆ ಬಗ್ಗಿದ.

"ಆಟ ಯಾರು ಗೆದ್ರು?" ಎಂದಳು.

"ಮುದುಕಿ, ಇದೊಂದೇ, ಕೊನೇದು. ಮನೆ ಬೈಕು ಅಂತ..."

"ನಡಿ ಮನೆಗೆ."

ಏರು ಹತ್ತುವಾಗ ಹತ್ತು ಹೆಜ್ಜೆಗೊಮ್ಮೆ ಅವನು ನಿಂತ.

"ಹವಾನಾಕ್ಕೆ ಬರೀತೀನಿ ನಾನು," ಎಂದಳು. "ಎಲ್ಲಾ ಬರೀತೀನಿ."

"ಬರಿ. ನನ್ನನ್ನ ಕರೆಸಿ ಕುಯ್ದು ತೆಗೀಲಿ. ಆಗ ಹಾಯಾಗಿ ಅಕ್ಕಿ ಆರಿಸ್ಕೊಂಡಿರು."

ಅವಳು ಬರೆಯಲಿಲ್ಲ. ಮಾರಿಬೆಲ್‌ಗೂ ಹೇಳಲಿಲ್ಲ. ಹೇಳಿದ್ದರೆ ರಿಗೊನ ಬಟ್ಟೆ ನಿಜಕ್ಕೂ ಬೀದಿಗೆ ಬೀಳುತ್ತಿತ್ತು. ಒಂದು ಮನೆ ಉಳಿಸಲು ಒಂದು ಮಾತು ನುಂಗಿದರೆ ಏನಾದೀತು ಎಂದುಕೊಂಡಳು.

*

ರಿಗೊನ ಬೈಕು ನಾಲ್ಕು ದಿನ ಗಡಿಯಾರದಂತೆ ಓಡಿತು. ಊರೊಳಗಿನ ಚಿಕ್ಕ ಚಿಕ್ಕ ಬಾಡಿಗೆ. ಭಾನುವಾರ ರಿಗೊ ಬೊನಿಯಾತೊ ಬೆಟ್ಟದಾಚೆಗಿನ ತನ್ನ ಅಕ್ಕನ ಮನೆಯಿಂದ ಮಾವಿನಹಣ್ಣು ತರಲು ಹೊರಟ. ಯಾನೆಲಿಸ್ ತಾನೂ ಬರುತ್ತೇನೆಂದು ಹಿಂದೆ ಹತ್ತಿದಳು.

"ಬೆಟ್ಟ ಹತ್ತತ್ತೇನೋ?" ಎಂದು ಮಾರಿಬೆಲ್ ಕೇಳಿದಳು.

"ಭುಜದ ಕಾಯಿಲ್ ಕಣೇ," ಎಂದವನು ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಚಿಚೊ ಕೊಟ್ಟ. ಹಳೇದು. ಯಾವಾಗ್ಲೋ ನೋಡಿದ್ದು."

ಎದೆಲ್ಮಿರಾ ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪ್ರುದೆನ್ಸಿಯೊ ಬಾಗಿಲಲ್ಲಿ ನಿಂತು ಬೈಕು ಬೀದಿಯ ತಿರುವು ದಾಟುವವರೆಗೂ ನೋಡಿದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಕುರ್ಚಿಗೆ ಬಂದು ಕೂತವನು ಕಾಫಿಯನ್ನೂ ಕುಡಿಯಲಿಲ್ಲ.

ಹನ್ನೊಂದು ಗಂಟೆಗೆ ಬರಬೇಕಾದವರು ಒಂದಾದರೂ ಬರಲಿಲ್ಲ. ಒಂದೂವರೆಗೆ ಚಿಚೊ ಓಡಿಬಂದ.

"ಹೆದರ್ಕೋಬೇಡಿ," ಎಂದ. ಆ ಮಾತಿಗೇ ಮಾರಿಬೆಲ್ ಕಿರುಚಿದಳು.

"ಬದುಕಿದಾರೆ ಕಣಮ್ಮಾ! ಇಬ್ಬರೂ ಬದುಕಿದಾರೆ. ಬೆಟ್ಟದ ಎರಡನೇ ತಿರುವಲ್ಲಿ ಗಾಡಿ ಸತ್ತೋಯ್ತಂತೆ. ಹಿಂದೆ ಜನ ತುಂಬಿದ್ದ ಲಾರಿ. ರಿಗೊ ಗಾಡಿ ಸಮೇತ ಚರಂಡಿಗೆ ಬಿದ್ದ, ಅದಕ್ಕೇ ಉಳ್ಕೊಂಡ್ರು. ಲಾರಿ ಬೈಕಿನ ಹಿಂದಿನ ಚಕ್ರ ಸವರ್ಕೊಂಡು ಹೋಯ್ತು. ಹುಡುಗೀದು ಕೈ ಮುರಿದಿದೆ. ಆಸ್ಪತ್ರೇಲಿದಾರೆ."

ಮಾರಿಬೆಲ್ ಬರಿಗಾಲಲ್ಲೇ ಅವನ ಬೈಕು ಹತ್ತಿದಳು. ಮನೆಯಲ್ಲಿ ಮುದುಕರಿಬ್ಬರೇ ಉಳಿದರು. ಎದೆಲ್ಮಿರಾ ಒಲೆಯ ಮೇಲಿನ ಕಾಳು ಸೀದದ್ದನ್ನು ವಾಸನೆಯಿಂದ ತಿಳಿದಳು; ಆದರೂ ಏಳಲಿಲ್ಲ. ಪ್ರುದೆನ್ಸಿಯೊ ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಸುಮಾರು ಎರಡೂವರೆ ಗಂಟೆ ಹಾಗೇ ಕಳೆಯಿತು.

ನಾಲ್ಕು ಗಂಟೆಗೆ ಮೂವರೂ ಬಂದರು. ಯಾನೆಲಿಸ್‌ಳ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್. ರಿಗೊ ಕುಂಟುತ್ತಿದ್ದ.

"ಕಾಯಿಲ್ ಚೆನ್ನಾಗೇ ಇತ್ತು," ಎಂದು ರಿಗೊ ಶುರುಮಾಡಿದ. "ಏನೋ ಪೆಟ್ರೋಲಲ್ಲಿ ನೀರು..."

"ಇರ್ಲಿಲ್ಲ," ಎಂದ ಪ್ರುದೆನ್ಸಿಯೊ.

ಎಲ್ಲರೂ ಅವನ ಕಡೆ ತಿರುಗಿದರು.

"ಹತ್ತು ಕಿಕ್ ಹಿಡೀಬೇಕಿತ್ತು. ಎರಡಕ್ಕೇ ಬಿಟ್ಟೆ. ಎದೇಲಿ ಏನೋ ಮಿಸುಕಿದಂಗಾಯ್ತು. ಹೆದರ್ಕೊಂಡೆ. ಮೊಣಕೈಗೂ ಬಂದಿರ್ಲಿಲ್ಲ ಅದು. ಹುಡುಗ್ರು ನೋಡ್ತಿದ್ರು. ಭುಜ ಅಂದ್ಬಿಟ್ಟೆ."

ಮಾರಿಬೆಲ್ ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಯಾವಾಗ?"

"ಬುಧವಾರ."

"ನೀನು ಹಿಡಿದೆ. ಇವನು ಹಿಡಿಸ್ದ. ಅದರ ಮೇಲೆ ನನ್ನ ಮಗಳನ್ನ ಕೂರಿಸ್ದ." ಅವಳ ದನಿ ಏರಲಿಲ್ಲ, ಅದಕ್ಕೇ ಎಲ್ಲರಿಗೂ ಹೆಚ್ಚು ಭಯವಾಯಿತು. "ಇನ್ನ್ಯಾರಿಗೆ ಗೊತ್ತಿತ್ತು?"

"ನನಗೆ," ಎಂದಳು ಎದೆಲ್ಮಿರಾ. "ನಾನು ಸಂದೀಲಿ ನಿಂತು ನೋಡ್ದೆ. ಇವನು ಬೇಗ ಬಿಟ್ನಲ್ಲ ಅಂತ ದೇವರಿಗೆ ಕೈ ಮುಗಿದೆ ಮಗಳೇ. ಬೇಗ ಬಿಟ್ರೆ ಏನರ್ಥ ಅಂತ ನನಗೆ ಹೊಳೀಲೇ ಇಲ್ಲ."

ಮಾರಿಬೆಲ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಿಗೊನ ಬಟ್ಟೆ ಬೀದಿಗೆ ಬೀಳಲಿಲ್ಲ. ಆದರೆ ಹತ್ತು ದಿನ ಅವಳು ಗಂಡನ ಜೊತೆಗೂ ಮಾತಾಡಲಿಲ್ಲ, ಅಪ್ಪನ ಜೊತೆಗೂ ಇಲ್ಲ. ತಟ್ಟೆಗಳನ್ನು ಅವರ ಮುಂದೆ ಇಡುವಾಗ ಸದ್ದೇ ಮಾಡುತ್ತಿರಲಿಲ್ಲ. ಕುಕ್ಕಿದ್ದರೆ ಎಷ್ಟೋ ವಾಸಿಯಿತ್ತು ಎಂದು ರಿಗೊ ಅತ್ತೆಯ ಹತ್ತಿರ ಗೋಳಾಡಿಕೊಂಡ.

*

ಅಪಘಾತವಾದ ಆರನೆಯ ದಿನ, ಶನಿವಾರ ಬೆಳಿಗ್ಗೆ, ಯಾನೆಲಿಸ್ ಒಂದು ಹಲಗೆ, ಎರಡು ಮೊಳೆ, ಸುತ್ತಿಗೆ ತಂದು ಅಜ್ಜನ ಮುಂದೆ ಇಟ್ಟಳು.

"ಒಂದು ಕೈಯಲ್ಲಿ ನನಗಾಗಲ್ಲ. ನೀನು ಹೊಡಿ."

ಅವನು ಹೊಡೆದ. ಮೊಳೆಗಳ ತುದಿಯ ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಎದೆಲ್ಮಿರಾ ತಾನಾಗಿಯೇ ನೀರು ಕಾಯಲಿಟ್ಟಳು. ಚಿಚೊ ಬಂದ, ಇನ್ನೂ ಮೂವರು ಬಂದರು. ರಿಗೊನ ಬೈಕನ್ನು ಬಾಗಿಲ ಮುಂದೆ ನೆರಳಿಗೆ ನಿಲ್ಲಿಸಿದರು. ಪ್ರುದೆನ್ಸಿಯೊನನ್ನು ಎದೆಲ್ಮಿರಾ ರಟ್ಟೆ ಹಿಡಿದು ಬೀದಿ ದಾಟಿಸಿ, ಎದುರು ಮನೆಯ ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ರಟ್ಟೆ ಬಿಡಲಿಲ್ಲ.

"ಮೊದಲು ತಣ್ಣಗಿರೋವಾಗ!" ಎಂದು ಅವನು ಅಲ್ಲಿಂದಲೇ ಕೂಗಿದ.

ರಿಗೊ ಕಿಕ್ ಹೊಡೆದ. ಯಾನೆಲಿಸ್ ಹಲಗೆಯ ಮುಂದೆ ಬಗ್ಗಿದ್ದಳು. "ನೀಲಿ, ಅಜ್ಜ! ದಪ್ಪ ಇದೆ! ಚಟ್ ಚಟ್ ಅಂತಿದೆ."

"ಈಗ ಕಾಯ್ಸಿ. ಕಾಫಿ ಕುಡಿಯೋಷ್ಟು ಹೊತ್ತು."

ಕಾಫಿ ಕುಡಿದರು. ಚೀಲ ತೆಗೆದರು, ಸಿಕ್ಕಿಸಿದರು. ರಿಗೊ ಮತ್ತೆ ಹೊಡೆದ. ಒಂದು. ಎರಡು. "ನೀಲಿ," ಎಂದಳು ಯಾನೆಲಿಸ್. ಮೂರು, ನಾಲ್ಕು. "ಸಣ್ಣ ಆಯ್ತು." ಐದು. "ಹಳದಿ." ಆರನೆಯದಕ್ಕೆ ಅವಳು ಏನೂ ಹೇಳಲಿಲ್ಲ. ಏಳು, ಎಂಟು. ತಲೆ ಎತ್ತಿ ಬೀದಿಯಾಚೆ ನೋಡಿದಳು.

"ಹೋಯ್ತಾ?" ಎಂದ ಪ್ರುದೆನ್ಸಿಯೊ.

"ಹೋಯ್ತು ಅಜ್ಜ. ಏನೂ ಇಲ್ಲ."

ಸವಾರರು ಮುಖ ಮುಖ ನೋಡಿಕೊಂಡರು. ಚಿಚೊ ಗಂಟಲು ಸರಿಮಾಡಿಕೊಂಡು, "ಹಂಗಾದ್ರೆ ಮೇಸ್ತ್ರಿ... ನಂದು? ಬುಧವಾರಕ್ಕಿಂತ ಮುಂಚೆ ನೀವು ನೋಡಿದ್ದು?" ಎಂದ. ದಿನವೂ ಹೆಂಡತಿ ಮಕ್ಕಳನ್ನು ಅದರ ಮೇಲೇ ಕೂರಿಸಿಕೊಂಡು ತಿರುಗುತ್ತಿದ್ದವನು ಅವನು.

ಪ್ರುದೆನ್ಸಿಯೊ ಎದ್ದು ನಿಂತ. "ಆಪರೇಷನ್ ಆಗಿ ಬಂದ್ಮೇಲೆ ಐದು ನೋಡಿದೀನಿ. ನಿಂದು, ರಿಗೊಂದು, ಆ ಕೆಂಪು ಗಾಡಿಯವನ್ದು, ಬೇಕರಿ ಹತ್ರ ನಿಲ್ಲೋ ಅಣ್ಣ ತಮ್ಮ ಇಬ್ಬರದೂ. ಐದಕ್ಕೂ ಹತ್ತು ಹಿಡಿದಿಲ್ಲ. ಐದೂ ಸುಳ್ಳು ಅಂತಲೇ ತಿಳ್ಕೊಳ್ಳಿ. ಈಗಲೇ ಹೋಗಿ ಎಲ್ಲಾ ಕರ್ಕೊಂಬನ್ನಿ. ಅಲ್ಲಿವರ್ಗೂ ಯಾರನ್ನೂ ಹಿಂದೆ ಕೂರಿಸ್ಬೇಡಿ."

ಬೀದಿಯಲ್ಲಿ ಎಲ್ಲರೂ ಕೇಳುವಂತೆ ಕೂಗಿ ಹೇಳಿದ. ಕಿಟಕಿಗಳಿಂದ ಹೆಂಗಸರು ಇಣುಕಿದರು. ಎದೆಲ್ಮಿರಾಳ ಕೈಯೊಳಗಿದ್ದ ಅವನ ರಟ್ಟೆ ಬೆವತು ಜಾರುತ್ತಿತ್ತು.

ಸಂಜೆಯೊಳಗೆ ಉಳಿದ ನಾಲ್ಕೂ ಬಂದವು. ಎರಡು ಸತ್ತವು. ಚಿಚೊನದು ಹತ್ತಕ್ಕೂ ನೀಲಿಯಾಗೇ ಇತ್ತು. ಅವನು ಯಾನೆಲಿಸ್‌ಳ ಪ್ಲಾಸ್ಟರಿಗೆ ಮುತ್ತು ಕೊಟ್ಟು ಹೋದ. ಕೊನೆಯದರ ಬಗ್ಗೆ ಮಾತ್ರ ಅವಳಿಗೆ ಅನುಮಾನ.

"ಅಜ್ಜ, ಇದು ನೀಲಿ ಹೌದು, ಆದ್ರೆ ಸದ್ದು ಬೇರೆ ಥರ."

"ಹೆಂಗಿದೆ? ಒಣ ಕಡ್ಡಿ ಮುರಿದಂಗಾ, ಹಸಿ ಕಡ್ಡೀನಾ?"

"ಗೊತ್ತಾಗ್ತಿಲ್ಲ. ನೀನೇ ಬಂದು ಕೇಳು."

ಅವನು ಒಂದು ಹೆಜ್ಜೆ ಇಟ್ಟ. ಎದೆಲ್ಮಿರಾ ಎಳೆದಳು.

"ಹತ್ತು ಹೆಜ್ಜೆ ದೂರ ನಿಂತ್ಕೋತೀನಿ ಬಿಡೇ."

"ಹತ್ತು ಸಾಕು ಅಂತ ಯಾರು ಹೇಳಿದ್ರು?"

"ಹಂಗಾದ್ರೆ ಎಷ್ಟು?"

"ನನಗೇನು ಗೊತ್ತು? ನಿನಗೇನು ಗೊತ್ತು? ಗೊತ್ತಿರೋರು ಹವಾನಾದಲ್ಲಿದಾರೆ."

ಇಬ್ಬರೂ ಬೀದಿಯ ನಡುವೆ ನಿಂತರು. ಮನೆ ಕಡೆಯಿಂದ ಮಾರಿಬೆಲ್‌ಳ ದನಿ ಬಂತು. ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಹತ್ತು ದಿನ ತುಂಬಲು ಇನ್ನೂ ನಾಲ್ಕು ದಿನವಿತ್ತು. ಆ ಮಾತನ್ನೂ ಅಪ್ಪನಿಗಲ್ಲ, ಅಮ್ಮನಿಗೇ ಹೇಳಿದಳು.

"ಅಮ್ಮಾ. ಆ ಹಾಳೆ ತೆಗಿ."

*

ಸೋಮವಾರ ಬೆಳಿಗ್ಗೆ ಎದೆಲ್ಮಿರಾ ಮೇಜು ಒರೆಸಿ ಕೂತಳು. ಗಂಡ ಎದುರಿಗೆ. ರೇಡಿಯೊದ ಶಾಖಕ್ಕೆ ಹಾಳೆಯ ಒಂದು ಮೂಲೆ ಕಂದಿತ್ತು.

"ಕೆಲಸ," ಎಂದು ಓದಿದಳು.

"ಬೈಕಿನ ಕಾಯಿಲ್ ಪರೀಕ್ಷೆ. ಬರಿ. ಚಪ್ಪಲಿ ಹೊಲೀತೀನಿ ಅಂದಿದ್ದು ಸುಳ್ಳು, ಕ್ಷಮಿಸ್ಬೇಕು ಅಂತ್ಲೂ ಬರಿ."

ಅವಳು ಬರೆದಳು. ನಿಧಾನಕ್ಕೆ, ದುಂಡಗೆ.

"ಹತ್ತಿರ ಇರುವ ಯಂತ್ರಗಳು."

"ಬೈಕು. ದಿನಕ್ಕೆ ನಾಲ್ಕು, ಒಂದೊಂದು ದಿನ ಎಂಟು."

"ಎಷ್ಟು ದೂರ?"

ಹೊರಗೆ ಯಾರೋ ಕಿಕ್ ಹೊಡೆದರು; ಇಬ್ಬರೂ ಒಟ್ಟಿಗೇ ಬೆಚ್ಚಿದರು.

"ದೂರ ಇಲ್ಲ," ಎಂದ. "ಕೈಯಲ್ಲೇ ಹಿಡೀತಿದ್ದೆ. ವಾಪಸ್ ಬಂದ್ಮೇಲೆ ಐದು ಸಲ ಹಿಡಿದೆ. ಆಗ ಎದೇಲಿ ಏನೋ ಆಯ್ತು. ಅದು ಯಂತ್ರಾನೋ, ನನ್ನ ಹೆದರಿಕೆನೋ ನನಗೆ ಗೊತ್ತಾಗ್ಲಿಲ್ಲ. ಹಂಗೇ ಬರಿ."

"ಕೊನೇಲಿ?"

"ಕೊನೇಲಿ ಕೇಳು. ಇನ್ನು ಮುಟ್ಟಲ್ಲ. ಮೊಮ್ಮಗಳು ಮೊಳೆ ಇಟ್ಟು ನೋಡ್ತಾಳೆ. ನಾನು ಪಕ್ಕದಲ್ಲಿ ಕೂತು ಸದ್ದು ಕೇಳ್ಬೇಕು. ಎಷ್ಟು ದೂರ ಕೂತ್ರೆ ಸಾಯಲ್ಲ, ಅಷ್ಟು ತಿಳಿಸಿ ಅಂತ." ಮತ್ತೆ ಅಂದ: "ಕೂರಲೇಬಾರ್ದು ಅಂದ್ರೆ ಅದನ್ನೂ ತಿಳಿಸ್ಲಿ."

ಎದೆಲ್ಮಿರಾ ಹಾಳೆಯ ಹಿಂಬದಿಯನ್ನೂ ತುಂಬಿಸಿದಳು. ಕೆಳಗೆ ಅವನ ರುಜು ಹಾಕಿಸಿದಳು. ಅದರ ಪಕ್ಕ, ಯಾರೂ ಕೇಳದಿದ್ದರೂ, 'ಇವರ ಹೆಂಡತಿ ನಾನು. ಸುಳ್ಳು ಹೇಳಿದಾಗ ಪಕ್ಕದಲ್ಲೇ ಇದ್ದೆ' ಎಂದು ಬರೆದು ತನ್ನ ಹೆಸರನ್ನೂ ಹಾಕಿದಳು.

ಅಂಚೆ ಕಚೇರಿಗೆ ಹೋಗುವ ಏರನ್ನು ಇಬ್ಬರೂ ಮೂರು ಕಡೆ ನಿಂತು ಹತ್ತಿದರು. ಕಿಟಕಿಯಲ್ಲಿದ್ದ ಹುಡುಗಿ ಲಕೋಟೆ ತಿರುಗಿಸಿ ನೋಡಿದಳು.

"ಹವಾನಾನಾ ಅಜ್ಜಿ? ಎರಡು ಗಂಟೆ ಗಾಡಿಗೆ ಹೋಗತ್ತೆ. ಎಂಟು ದಿನ ಆಗ್ಬೋದು."

"ಉತ್ತರ?" ಎಂದು ಕೇಳಿದ ಪ್ರುದೆನ್ಸಿಯೊ.

"ಅದು ಅವರಿಗೆ ಬಿಟ್ಟಿದ್ದು." ಹುಡುಗಿ ಲಕೋಟೆ ಹಿಡಿದು ಕಾದಳು. "ಕಳಿಸ್ಲಾ, ಬೇಡ್ವಾ?"

ಎದೆಲ್ಮಿರಾ ಗಂಡನ ಮುಖ ನೋಡಿದಳು.

"ಕಳಿಸಮ್ಮ," ಎಂದ.

ಹುಡುಗಿ ಠಸ್ಸೆ ಒತ್ತಿ, ಹಿಂದೆ ಗೋಡೆಗೆ ನೇತುಹಾಕಿದ್ದ ಬೂದುಬಣ್ಣದ ಚೀಲದೊಳಕ್ಕೆ ಅದನ್ನು ಎಸೆದಳು.